ಖಜಾನೆಗೆ ಬೀಗ ಬೀಳದ ಊರಿನಲ್ಲಿ



ಬಜೆಟ್ ಪಾಸಾಗಲಿಲ್ಲ, ಸರ್ಕಾರಿ ಕಚೇರಿಗೆ ಬೀಗ ಬಿತ್ತು ಎಂಬುದನ್ನು ಹಾರ್ನ್‌ಬಿಯ ಜನ ಟಿವಿಯಲ್ಲಿ ನೋಡಿದ್ದಾರೆಯೇ ಹೊರತು ತಮ್ಮೂರಲ್ಲಿ ಕಂಡವರಲ್ಲ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಪಶ್ಚಿಮದ ಅಂಚಿಗಿರುವ ಬಡಾವಣೆ ಇದು. ಗೋದಾಮು, ಕಾರ್ಖಾನೆ, ‘ದಿ ಹಬ್’ ಎಂಬ ಮಾಲು, ದಕ್ಷಿಣಕ್ಕೆ ಹೋಗುವ ಲಾರಿಗಳಿಂದ ತುಂಬಿರುವ ಮೇನ್ ಸೌತ್ ರಸ್ತೆ, ಅದರ ಆಚೀಚೆ ಶಾಲೆಗಳು. 2011ರ ಫೆಬ್ರುವರಿ 22ರ ಭೂಕಂಪದಲ್ಲಿ 185 ಜನ ಸತ್ತು, ನಗರದ ಪೂರ್ವ ಭಾಗದ ಮನೆಗಳು ನೆಲಕಚ್ಚಿದ ಮೇಲೆ ಜನ ಪಶ್ಚಿಮದ ಕಡೆ ಮುಖ ಮಾಡಿದರು. ಊರನ್ನು ಮತ್ತೆ ಕಟ್ಟುವ ಕೆಲಸ ಹುಡುಕಿಕೊಂಡು ದೂರದ ದೇಶಗಳಿಂದ ಬಂದ ಸಂಸಾರಗಳು ಎಷ್ಟೋ ಈ ಕಡೆಯೇ ಬಾಡಿಗೆ ಮನೆ ಹಿಡಿದವು.

2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ ಅಮೆರಿಕದ ಕೇಂದ್ರ ಸರ್ಕಾರ 43 ದಿನ ಬಾಗಿಲು ಮುಚ್ಚಿಕೊಂಡಿತ್ತು. ಅಷ್ಟು ದೀರ್ಘ ಕಾಲ ಅದು ಮುಚ್ಚಿದ್ದು ಅದೇ ಮೊದಲು. ಅಣ್ಣ ಅಲ್ಲಿ, ತಂಗಿ ಇಲ್ಲಿ ಎಂಬಂಥ ಕನ್ನಡದ ಮನೆಗಳಲ್ಲಿ ಆಗ ಏಳುವ ಪ್ರಶ್ನೆ ಸಹಜವಾದದ್ದೇ. ಇಲ್ಲೂ ಹಾಗಾದರೆ ಮಕ್ಕಳ ಶಾಲೆಯ ಗತಿ ಏನು? ಆಸ್ಪತ್ರೆಯ ಗತಿ ಏನು?

ಹಾಗೆ ಆಗುವುದಿಲ್ಲ ಎನ್ನುವುದು ಉತ್ತರ. ಆದರೆ ಆ ಉತ್ತರ ಕೇಳಿ ಕಾಲು ಚಾಚಿ ಕೂರುವ ಮುನ್ನ, 2012ರಲ್ಲಿ ಹಾರ್ನ್‌ಬಿಯ ಒಂದು ಶಾಲೆಗೆ ಏನಾಯಿತೆಂದು ನೋಡುವುದು ಒಳ್ಳೆಯದು.

ಮೊದಲು ವ್ಯವಸ್ಥೆಯ ವಿಷಯ. ನ್ಯೂಜಿಲೆಂಡಿನ ಹಣಕಾಸು ವರ್ಷ ಜುಲೈ 1ಕ್ಕೆ ಶುರು. ಬಜೆಟ್ ಮಂಡನೆ ಸಾಮಾನ್ಯವಾಗಿ ಮೇ ತಿಂಗಳಲ್ಲಿ. ಅದರ ಮೇಲಿನ ಚರ್ಚೆ ಮುಗಿದು ಮತಕ್ಕೆ ಬರುವ ಹೊತ್ತಿಗೆ ಹೊಸ ವರ್ಷ ಹುಟ್ಟಿರುತ್ತದೆ. ನಡುವಿನ ತಿಂಗಳುಗಳ ಖರ್ಚಿಗೆಂದು ಇಂಪ್ರೆಸ್ಟ್ ಸಪ್ಲೈ ಕಾಯ್ದೆಯೊಂದನ್ನು ಮೊದಲೇ ಪಾಸು ಮಾಡಿಟ್ಟುಕೊಳ್ಳುತ್ತಾರೆ. ನಮ್ಮ ವಿಧಾನಸಭೆಯ ಲೇಖಾನುದಾನ ಇದಕ್ಕೆ ಹತ್ತಿರದ ನೆಂಟ. ಖರ್ಚಿನ ಮಸೂದೆಗೆ ಸೋಲಾದರೆ ಸರ್ಕಾರವೇ ಹೋಗಬೇಕು. ಅದಕ್ಕೇ ಮೈತ್ರಿ ಮಾಡುವಾಗ ಪಕ್ಷಗಳು ಸಹಿ ಹಾಕುವ ಮೊದಲ ಕರಾರೇ ವಿಶ್ವಾಸಕ್ಕೂ ಹಣಕ್ಕೂ ಬೆಂಬಲ ಕೊಡುತ್ತೇವೆಂಬುದು. ಮೇಲ್ಮನೆಯನ್ನು 1951ರ ಮೊದಲ ದಿನವೇ ಎತ್ತಿಹಾಕಿದರು. ಮಸೂದೆಯನ್ನು ತಿರುಗಿ ಕಳಿಸುವ ರಾಜ್ಯಪಾಲರಿಲ್ಲ, ಕೇಂದ್ರದೊಡನೆ ಪಾಲಿಗೆ ಜಗ್ಗಾಡುವ ರಾಜ್ಯಗಳೂ ಇಲ್ಲ. ಹಗ್ಗ ಜಗ್ಗಲು ಎರಡು ಕಡೆ ಬೇಕು. ಇಲ್ಲಿಯ ಸಂಸತ್ತಿನಲ್ಲಿ ಎರಡನೇ ಕಡೆಯೇ ಇಲ್ಲ.

ಕರ್ನಾಟಕದವರಿಗೆ ಇಂಥ ಬಿಕ್ಕಟ್ಟಿನ ಬಾಗಿಲವರೆಗೆ ಹೋಗಿ ಬಂದ ನೆನಪಿದೆ. 2019ರ ಫೆಬ್ರುವರಿ 8ರಂದು ಎಚ್.ಡಿ. ಕುಮಾರಸ್ವಾಮಿ ಬಜೆಟ್ ಮಂಡಿಸಿದರು. ಲೋಕಸಭೆ ಚುನಾವಣೆ ಎದುರಿಗಿದ್ದುದರಿಂದ ಸದನ ಜುಲೈ 31ರವರೆಗಿನ ಖರ್ಚಿಗಷ್ಟೇ ಲೇಖಾನುದಾನ ಕೊಟ್ಟಿತ್ತು. ಅಷ್ಟರಲ್ಲಿ ಶಾಸಕರ ರಾಜೀನಾಮೆಗಳ ಮಳೆ. ಜುಲೈ 23ರ ಸಂಜೆ ವಿಶ್ವಾಸಮತಕ್ಕೆ 99 ಪರ, 105 ವಿರುದ್ಧ. ಸರ್ಕಾರ ಬಿತ್ತು. ತಿಂಗಳು ಮುಗಿಯಲು ಉಳಿದದ್ದು ಎಂಟೇ ದಿನ. ಆಗಸ್ಟ್ ಒಂದರಿಂದ ಖಜಾನೆಯಿಂದ ಹಣ ತೆಗೆಯಲು ಯಾರಿಗೂ ಅಧಿಕಾರವಿಲ್ಲ. ಮೇಷ್ಟ್ರುಗಳ ಸಂಬಳ, ಬಿಸಿಯೂಟದ ಅಕ್ಕಿ ಸಾಗಣೆಯ ಬಿಲ್ಲು, ವೃದ್ಧಾಪ್ಯ ವೇತನ ಎಲ್ಲವೂ ಆ ದಿನಾಂಕದ ಮುಂದೆ ನಿಂತಿದ್ದವು. ಜುಲೈ 26ಕ್ಕೆ ಬಿ.ಎಸ್. ಯಡಿಯೂರಪ್ಪ ಪ್ರಮಾಣವಚನ ತೆಗೆದುಕೊಂಡರು. 29ಕ್ಕೆ ಧ್ವನಿಮತದಿಂದ ವಿಶ್ವಾಸ ಗೆದ್ದು, ಕೆಳಗಿಳಿಸಿದ ಸರ್ಕಾರವೇ ಸಿದ್ಧಪಡಿಸಿದ್ದ ಹಣಕಾಸು ಮಸೂದೆಯನ್ನು ಒಂದಕ್ಷರ ತಿದ್ದದೆ ಪಾಸು ಮಾಡಿಸಿಕೊಂಡರು. ಮುಂದಿನ ಮೂರು ತಿಂಗಳಿಗೆ ಲೇಖಾನುದಾನವೂ ಆಯಿತು. ಅದಾದ ಮೇಲೆ ಸ್ಪೀಕರ್ ರಮೇಶ್ ಕುಮಾರ್ ರಾಜೀನಾಮೆ ಕೊಟ್ಟು ಎದ್ದರು. ವಾರಗಟ್ಟಲೆ ಕಚ್ಚಾಡಿದ ಸದನ ಆ ಒಂದು ವಿಷಯದಲ್ಲಿ ಮಾತ್ರ ಜಗಳ ಆಡಲಿಲ್ಲ. ಆ ಮಳೆಗಾಲದ ರಾಜಕೀಯದಲ್ಲಿ ಮೆಚ್ಚಬೇಕಾದದ್ದು ಬಹುಶಃ ಅದೊಂದೇ.

ಹೀಗೆ ಕೊನೆಗಳಿಗೆಯಲ್ಲಿ ಕೈಕುಲುಕದೆ ಹಟ ಹಿಡಿದು ಕೂತರೆ ಏನಾಗುತ್ತದೆ? ಅಮೆರಿಕದ ಇಲಿನಾಯ್ ರಾಜ್ಯ ಎರಡು ವರ್ಷ ಅದನ್ನು ಮಾಡಿ ತೋರಿಸಿತು. ರಾಜ್ಯಪಾಲ ಬ್ರೂಸ್ ರೌನರ್ ರಿಪಬ್ಲಿಕನ್. ಕೆಳಮನೆಯ ಸ್ಪೀಕರ್ ಮೈಕೆಲ್ ಮ್ಯಾಡಿಗನ್ ಡೆಮಾಕ್ರಾಟ್. 2015ರ ಜುಲೈ 1ರಿಂದ 2017ರ ಜುಲೈ 6ರವರೆಗೆ ಆ ರಾಜ್ಯಕ್ಕೆ ಪೂರ್ಣ ಬಜೆಟ್ ಇರಲಿಲ್ಲ. ಲಾಟರಿಯಲ್ಲಿ ದೊಡ್ಡ ಬಹುಮಾನ ಗೆದ್ದವರಿಗೇ ಸರ್ಕಾರ ‘ಆಮೇಲೆ ಕೊಡುತ್ತೇವೆ’ ಎಂದಿತು. ಮೊದಲು 25,000 ಡಾಲರ್ ಮೀರಿದ ಬಹುಮಾನ ನಿಂತಿತು, ಕೆಲವು ವಾರ ಕಳೆದು 600 ಡಾಲರ್ ಮೀರಿದ್ದೂ ನಿಂತಿತು. ಟಿಕೆಟ್ ಮಾರಾಟ ಮಾತ್ರ ಆಗಲೂ ನಡೆದೇ ಇತ್ತು!

ನಗೆ ತರಿಸುವ ಈ ಸಂಗತಿಯ ಹಿಂದೆ ಇನ್ನೊಂದು ಲೆಕ್ಕಾಚಾರವಿತ್ತು. ರೌನರ್ ಉಳಿದ ಮಸೂದೆಗಳನ್ನೆಲ್ಲ ತಿರಸ್ಕರಿಸಿದರೂ ಶಾಲಾ ಶಿಕ್ಷಣದ ಮಸೂದೆಗೆ ಮಾತ್ರ ಸಹಿ ಹಾಕಿದರು. ಆಗಸ್ಟಿನಲ್ಲಿ ಶಾಲೆ ತೆರೆಯದಿದ್ದರೆ ಲಕ್ಷಾಂತರ ತಾಯಿತಂದೆಯರು ಬೀದಿಗಿಳಿಯುತ್ತಾರೆಂದು ಎರಡೂ ಕಡೆಯವರಿಗೆ ಗೊತ್ತಿತ್ತು. ಸರ್ಕಾರಿ ನೌಕರರ ಸಂಬಳ ನಿಲ್ಲಿಸಬಾರದೆಂದು ನ್ಯಾಯಾಲಯ ಹೇಳಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎನ್ನುವ ಗಾದೆ ಎಲ್ಲರಿಗೂ ಗೊತ್ತು. ಮನೆಯಲ್ಲಿ ನಾಲ್ಕು ಕೂಸಿದ್ದರೆ ಯಾವುದು ಬಡವಾಯಿತೆಂದು ಗಾದೆ ಹೇಳುವುದಿಲ್ಲ. ಇಲಿನಾಯ್‌ನಲ್ಲಿ ಬಡವಾದದ್ದು ಅಳಲು ದನಿ ಸಾಲದ ಕೂಸು. ಬಡ ಕುಟುಂಬದ ಕಾಲೇಜು ವಿದ್ಯಾರ್ಥಿಗಳಿಗೆ ರಾಜ್ಯ ಕೊಡುತ್ತಿದ್ದ ಸಹಾಯಧನ ನಿಂತಿತು. ಹೆಚ್ಚಾಗಿ ಕಪ್ಪು ಜನರ ಮಕ್ಕಳು ಓದುವ ಶಿಕಾಗೊ ಸ್ಟೇಟ್ ವಿಶ್ವವಿದ್ಯಾಲಯ, ಕೈಯಲ್ಲಿ ಹಣ ಮುಗಿಯುವ ಮುನ್ನ ಪಾಠ ಮುಗಿಸಲೆಂದು 2016ರ ವಸಂತದ ರಜೆಯನ್ನೇ ರದ್ದು ಮಾಡಿತು. ಏಪ್ರಿಲ್ ಕೊನೆಯಲ್ಲಿ ಸುಮಾರು 300 ನೌಕರರನ್ನು ಮನೆಗೆ ಕಳಿಸಿತು. ಮುದುಕರನ್ನೂ ವ್ಯಸನಿಗಳನ್ನೂ ನೋಡಿಕೊಳ್ಳುತ್ತಿದ್ದ ಲೂಥರನ್ ಸೋಷಿಯಲ್ ಸರ್ವಿಸಸ್ ಎಂಬ ಸೇವಾಸಂಸ್ಥೆ, ಸರ್ಕಾರದಿಂದ ಬರಬೇಕಾದ ಬಾಕಿ ಬಾರದೆ 750 ಹುದ್ದೆಗಳನ್ನು ತೆಗೆಯಿತು. ಎರಡು ವರ್ಷದ ಕೊನೆಗೆ ರಾಜ್ಯದ ಮೇಲೆ ಸುಮಾರು 1,500 ಕೋಟಿ ಡಾಲರಿನ ಬಿಲ್ಲುಗಳು ಕೂತಿದ್ದವು. ಆದಾಯ ತೆರಿಗೆ ಶೇ. 3.75ರಿಂದ ಶೇ. 4.95ಕ್ಕೆ ಏರಿತು.

ಈಗ ಹಾರ್ನ್‌ಬಿಗೆ ಬರೋಣ.

ಇಲ್ಲಿ ಬ್ರಾನ್‌ಸ್ಟನ್ ಇಂಟರ್‌ಮೀಡಿಯೆಟ್ ಎಂಬ ಶಾಲೆ ಇತ್ತು. ಇಂಟರ್‌ಮೀಡಿಯೆಟ್ ಎಂದರೆ ಪ್ರಾಥಮಿಕಕ್ಕೂ ಹೈಸ್ಕೂಲಿಗೂ ನಡುವಿನ ಎರಡು ವರ್ಷ, ಹನ್ನೊಂದು ಹನ್ನೆರಡರ ಹರೆಯದ ಮಕ್ಕಳದು. ಮರಗೆಲಸ, ಅಡುಗೆ, ಹೊಲಿಗೆ, ಲೋಹದ ಕೆಲಸ ಇವೆಲ್ಲ ಸೇರಿದ ‘ಟೆಕ್ನಾಲಜಿ’ ಪಾಠಕ್ಕೆ ನ್ಯೂಜಿಲೆಂಡಿನ ಇಂಥ ಶಾಲೆಗಳಲ್ಲಿ ಬೇರೆಯೇ ಶಿಕ್ಷಕರಿರುತ್ತಾರೆ. 2012ರ ಮೇ ತಿಂಗಳಲ್ಲಿ, ಬಜೆಟ್ಟಿಗೆ ಮೊದಲು, ಶಿಕ್ಷಣ ಸಚಿವೆ ಹೆಕಿಯಾ ಪರಾಟಾ ಒಂದು ಘೋಷಣೆ ಮಾಡಿದರು. ಎರಡನೇ ತರಗತಿಯಿಂದ ಹತ್ತರವರೆಗೆ 27.5 ಮಕ್ಕಳಿಗೆ ಒಬ್ಬ ಶಿಕ್ಷಕ ಎಂಬ ಒಂದೇ ಅಳತೆ ಇನ್ನು ಮುಂದೆ. ವರ್ಷಕ್ಕೆ 4.3 ಕೋಟಿ ನ್ಯೂಜಿಲೆಂಡ್ ಡಾಲರ್ ಉಳಿತಾಯ, ಅದರಲ್ಲಿ ಒಂದು ಪಾಲನ್ನು ಶಿಕ್ಷಕರ ಗುಣಮಟ್ಟಕ್ಕೆ ಖರ್ಚು ಮಾಡುತ್ತೇವೆ ಎಂಬ ವಾದ. ಕಾಗದದ ಮೇಲೆ ಸಣ್ಣ ಬದಲಾವಣೆ. ಆದರೆ ಅದೇ ಅಳತೆಯಲ್ಲಿ ಟೆಕ್ನಾಲಜಿ ಶಿಕ್ಷಕರ ಪ್ರತ್ಯೇಕ ಲೆಕ್ಕವೂ ಕರಗಿಹೋಗುತ್ತಿತ್ತು. ಕೆಲವು ಇಂಟರ್‌ಮೀಡಿಯೆಟ್ ಶಾಲೆಗಳು ತಮ್ಮ ಲೆಕ್ಕ ತೆಗೆದು ನೋಡಿದಾಗ ಏಳು ಶಿಕ್ಷಕರವರೆಗೆ ಹೋಗುವುದು ಕಂಡಿತು. ಯಾವ ಶಾಲೆಗೂ ಇಬ್ಬರಿಗಿಂತ ಹೆಚ್ಚು ನಷ್ಟವಾಗದಂತೆ ನೋಡಿಕೊಳ್ಳುತ್ತೇವೆ ಎಂದು ಸರ್ಕಾರ ತೇಪೆ ಹಾಕಿತು, ತೇಪೆ ನಿಲ್ಲಲಿಲ್ಲ. ಸಂಸತ್ತಿನಲ್ಲಿ ಸರ್ಕಾರಕ್ಕೆ ಬಹುಮತವಿತ್ತು, ಮಸೂದೆಗೆ ಯಾವ ಅಪಾಯವೂ ಇರಲಿಲ್ಲ. ತಡೆದವರು ಹೊರಗಿನವರು: ಮುಖ್ಯೋಪಾಧ್ಯಾಯರು, ಶಿಕ್ಷಕರ ಸಂಘಗಳು, ಎಲ್ಲಕ್ಕಿಂತ ಹೆಚ್ಚಾಗಿ ಅಪ್ಪ ಅಮ್ಮಂದಿರು. ಜೂನ್ 7ಕ್ಕೆ ಪರಾಟಾ ಆ ನೀತಿಯನ್ನು ಹಿಂದಕ್ಕೆ ಪಡೆದರು.

ಮರಗೆಲಸದ ಮೇಷ್ಟ್ರು ಉಳಿದರು. ಶಾಲೆ ಉಳಿಯಲಿಲ್ಲ.

ಮೂರು ತಿಂಗಳು ಕಳೆದು, ಸೆಪ್ಟೆಂಬರ್ 13ರಂದು, ಕ್ರೈಸ್ಟ್‌ಚರ್ಚ್ ಸುತ್ತಮುತ್ತಲಿನ ಮುಖ್ಯೋಪಾಧ್ಯಾಯರನ್ನೆಲ್ಲ ಲಿಂಕನ್ ಊರಿನ ಸಭಾಂಗಣಕ್ಕೆ ಕರೆದರು. ಒಳಗೆ ಹೋಗುವಾಗ ಹೆಸರಿನ ಬಿಲ್ಲೆ ಕೊಟ್ಟರು. ಒಬ್ಬರದು ಒಂದು ಬಣ್ಣ, ಪಕ್ಕದವರದು ಇನ್ನೊಂದು. ಬಣ್ಣ ನೋಡಿ ಯಾರ ಶಾಲೆಗೆ ಏನು ಕಾದಿದೆ ಎಂದು ತಿಳಿಯುವಂತಿತ್ತು. ಭೂಕಂಪದ ನಂತರ ಮಕ್ಕಳು ಕಡಿಮೆಯಾಗಿದ್ದಾರೆ, ಕಟ್ಟಡಗಳು ಬಿರುಕು ಬಿಟ್ಟಿವೆ, ಹತ್ತು ವರ್ಷದಲ್ಲಿ 100 ಕೋಟಿ ಡಾಲರ್ ಹಾಕುತ್ತೇವೆ, ಅದಕ್ಕಾಗಿ 13 ಶಾಲೆ ಮುಚ್ಚಬೇಕು, 18 ಶಾಲೆ ಒಂದರಲ್ಲೊಂದು ಸೇರಬೇಕು ಎಂಬ ಪ್ರಸ್ತಾಪ ಅದು. ಮುಚ್ಚುವ ಪಟ್ಟಿಯಲ್ಲಿ ಬ್ರಾನ್‌ಸ್ಟನ್ ಇತ್ತು. ಮರುವರ್ಷ ಪಟ್ಟಿ ಕಿರಿದಾದಾಗಲೂ ಬ್ರಾನ್‌ಸ್ಟನ್ ಅದರೊಳಗೇ ಉಳಿಯಿತು. 2013ರ ಕೊನೆಗೆ ಶಾಲೆ ಮುಚ್ಚಿತು, 2014ರಿಂದ ಹಾರ್ನ್‌ಬಿ ಹೈಸ್ಕೂಲು ಏಳನೇ ತರಗತಿಯಿಂದಲೇ ಮಕ್ಕಳನ್ನು ತೆಗೆದುಕೊಂಡಿತು. ಆ ಇಡೀ ಪ್ರಕ್ರಿಯೆಯನ್ನು ನಡೆಸಿದ ರೀತಿ ಸರಿಯಿರಲಿಲ್ಲ ಎಂದು ಸರ್ಕಾರದ ಮೇಲಿನ ದೂರು ವಿಚಾರಿಸುವ ಓಂಬುಡ್ಸ್‌ಮನ್ 2017ರಲ್ಲಿ ವರದಿ ಕೊಟ್ಟರು, ಶಿಕ್ಷಣ ಸಚಿವಾಲಯ ಕ್ಷಮೆ ಕೇಳಿತು. ಕ್ಷಮೆ ಬರುವ ಹೊತ್ತಿಗೆ ಬ್ರಾನ್‌ಸ್ಟನ್ನಿನ ಕೊನೆಯ ಮಕ್ಕಳು ಹೈಸ್ಕೂಲಿನ ಹಿರಿಯ ತರಗತಿಗಳಲ್ಲಿದ್ದರು.

ಅದೇ 2012ರ ಆಗಸ್ಟಿನಲ್ಲಿ ಮೂರನೆಯದೊಂದು ಪೆಟ್ಟು. ದೇಶದ ಎಲ್ಲ ಶಿಕ್ಷಕರ ಸಂಬಳ ಹಂಚಲು ‘ನೊವೊಪೇ’ ಎಂಬ ಹೊಸ ಕಂಪ್ಯೂಟರ್ ವ್ಯವಸ್ಥೆ ತಂದರು. ಬಜೆಟ್ ಪಾಸಾಗಿತ್ತು, ಹಣವೂ ಇತ್ತು. ಆದರೂ ಸಾವಿರಾರು ಜನರಿಗೆ ಸಂಬಳ ಕಡಿಮೆ ಬಂತು, ಕೆಲವರಿಗೆ ಹೆಚ್ಚು ಬಂತು, ಕೆಲವರಿಗೆ ಬರಲೇ ಇಲ್ಲ. ಹಗ್ಗಜಗ್ಗಾಟ ಇಲ್ಲದೆಯೂ ಸರ್ಕಾರ ಸಂಬಳ ನಿಲ್ಲಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. 2014ರಲ್ಲಿ ಸರ್ಕಾರವೇ ಆ ಕೆಲಸವನ್ನು ಕೈಗೆ ತೆಗೆದುಕೊಂಡಿತು.

ಇಲ್ಲಿಯ ಶಾಲೆಗಳಿಗೆ ಹಣ ಬರುವ ದಾರಿ ತಿಳಿದಿದ್ದರೆ ಕತ್ತರಿ ಮೊದಲು ಎಲ್ಲಿ ಬೀಳುತ್ತದೆಂದು ಊಹಿಸಬಹುದು. ಶಿಕ್ಷಕರ ಸಂಬಳ ನೇರವಾಗಿ ರಾಜಧಾನಿ ವೆಲ್ಲಿಂಗ್ಟನ್ನಿನಿಂದ. ಉಳಿದದ್ದಕ್ಕೆ, ಎಂದರೆ ಕರೆಂಟು, ಕಸಗುಡಿಸುವವರು, ಪುಸ್ತಕ, ಆಫೀಸಿನ ಕೆಲಸ ಮತ್ತು ಬಹಳಮಟ್ಟಿಗೆ ‘ಟೀಚರ್ ಏಡ್’ಗಳ ಕೂಲಿಗೆ, ಕಾರ್ಯಾಚರಣೆ ಅನುದಾನ ಎಂಬ ಗಂಟು. ಅದನ್ನು ಹಂಚುವುದು 1989ರ ಸುಧಾರಣೆಯಿಂದ ಬಂದ ಶಾಲಾ ಆಡಳಿತ ಮಂಡಳಿ. ಅದರಲ್ಲಿ ಹೆಚ್ಚಿನವರು ಚುನಾಯಿತ ಪೋಷಕರು. ಟೀಚರ್ ಏಡ್ ಎಂದರೆ ಓದಲು ತಡವರಿಸುವ ಮಗುವಿನ ಪಕ್ಕ ಕೂರುವವರು, ಕನ್ನಡವನ್ನೋ ಫಿಲಿಪ್ಪೀನ್ಸಿನ ತಗಾಲೊಗನ್ನೋ ಮಾತ್ರ ಆಡಿ ಬೆಳೆದು ನೇರ ತರಗತಿಗೆ ಬಂದ ಮಗುವಿಗೆ ಮೊದಲ ಇಂಗ್ಲಿಷ್ ವಾಕ್ಯ ಕಲಿಸುವವರು. ಬೆಲೆ ಏರಿ ಅನುದಾನ ಏರದ ವರ್ಷ ಶಾಲೆಯ ಗೇಟಿಗೆ ಬೀಗ ಬೀಳುವುದಿಲ್ಲ. ಟೀಚರ್ ಏಡ್‌ನ ವಾರದ ಇಪ್ಪತ್ತು ಗಂಟೆ ಹದಿನಾಲ್ಕಾಗುತ್ತದೆ. ಪತ್ರಿಕೆಯಲ್ಲಿ ಅದು ಸುದ್ದಿಯಲ್ಲ. ಕರ್ನಾಟಕದ ಸರ್ಕಾರಿ ಶಾಲೆಯ ಅತಿಥಿ ಶಿಕ್ಷಕರನ್ನು ಕೇಳಿದರೆ ಇದರ ತಾತ್ಪರ್ಯ ಅವರು ಇನ್ನೂ ಚೆನ್ನಾಗಿ ಹೇಳಿಯಾರು: ಕಾಯಂ ಮೇಷ್ಟ್ರ ಸಂಬಳ ತಿಂಗಳಿಗೆ ಬರುತ್ತದೆ, ಅತಿಥಿಯ ಗೌರವಧನ ಬಂದಾಗ ಬರುತ್ತದೆ.

2025 ಹಾರ್ನ್‌ಬಿಗೆ ಇನ್ನೊಂದು ಪಾಠದ ವರ್ಷ. ಮೇ 6ರಂದು ಸರ್ಕಾರ ವೇತನ ಸಮಾನತೆಯ ಕಾನೂನಿಗೆ ತಿದ್ದುಪಡಿ ಘೋಷಿಸಿತು. ಸಾರ್ವಜನಿಕರ ಅಹವಾಲು ಕೇಳುವ ಸಮಿತಿಗೂ ಕಳಿಸದೆ, ತುರ್ತು ವಿಧಾನದಲ್ಲಿ ಮರುದಿನವೇ ಅದು ಪಾಸಾಯಿತು. ಹೆಂಗಸರೇ ಹೆಚ್ಚಿರುವ ಉದ್ಯೋಗಗಳಿಗೆ ಕಡಿಮೆ ಸಂಬಳ ಏಕೆ ಎಂದು ಕೇಳಿದ್ದ 33 ಅಹವಾಲುಗಳು ಒಂದೇ ಏಟಿಗೆ ನಿಂತವು. ಶಿಕ್ಷಕಿಯರು, ನರ್ಸುಗಳು, ಸಮಾಜಸೇವಾ ಕಾರ್ಯಕರ್ತೆಯರು, ವೃದ್ಧರ ಆರೈಕೆಯವರು ಎಲ್ಲರದೂ ಅದರಲ್ಲಿತ್ತು. ಮೇ 22ರ ಬಜೆಟ್ಟಿನಲ್ಲಿ ತಿಳಿಯಿತು, ನಾಲ್ಕು ವರ್ಷಕ್ಕೆ ಇದರ ಉಳಿತಾಯ 1,280 ಕೋಟಿ ಡಾಲರ್ ಎಂದು. ಇಲಿನಾಯ್‌ನಲ್ಲಿ ಎರಡು ವರ್ಷ ಜಗ್ಗಾಡಿಯೂ ಮುಗಿಯದಂಥ ಮೊತ್ತದ ವಿಷಯ ಇಲ್ಲಿ ಎರಡು ದಿನದಲ್ಲಿ ಇತ್ಯರ್ಥ! ಬಿಕ್ಕಟ್ಟು ಆಗಲಾರದ ವ್ಯವಸ್ಥೆಯ ಇನ್ನೊಂದು ಮುಖ ಇದು. ತಡೆಯುವವರಿಲ್ಲದ ಕಡೆ ತಡವೂ ಇಲ್ಲ.

ಅದೇ ಬಜೆಟ್ ಕಲಿಕೆಯಲ್ಲಿ ಹಿಂದುಳಿದ ಮಕ್ಕಳ ನೆರವಿಗೆ ನಾಲ್ಕು ವರ್ಷಕ್ಕೆ 64.6 ಕೋಟಿ ಡಾಲರ್ ಕೊಟ್ಟಿತು. ದೊಡ್ಡ ಮೊತ್ತವೇ. ಅದರ ಬಹುಪಾಲು ಬಂದದ್ದು ಅಕ್ಕಪಕ್ಕದ ಶಾಲೆಗಳು ಕೂಡಿ ಕೆಲಸ ಮಾಡುವ ‘ಕಾಹುಯಿ ಆಕೊ’ ಯೋಜನೆಯನ್ನು ನಿಲ್ಲಿಸಿ. ಹಾರ್ನ್‌ಬಿ ಹೈಸ್ಕೂಲು ಮತ್ತು ಸುತ್ತಲಿನ ಪ್ರಾಥಮಿಕ ಶಾಲೆಗಳದೂ ‘ಉರು ಮಾನುಕಾ’ ಎಂಬ ಇಂಥ ಒಂದು ಕೂಟವಾಗಿತ್ತು. ಕೂಟದ ಮುಂದಾಳುಗಳಿಗೆ ಕೊಡುವ ಭತ್ಯೆಗಿಂತ ಮಗುವಿನ ಪಕ್ಕ ಕೂರುವವರಿಗೆ ಹಣ ಹೋಗುವುದು ಮೇಲು ಎಂಬ ಸರ್ಕಾರದ ವಾದದಲ್ಲಿ ಹುರುಳಿದೆ, ಅದನ್ನು ಒಪ್ಪಬೇಕು. ಒಪ್ಪಲಾಗದ್ದು ಶಿಕ್ಷಣದ ಒಂದು ಜೇಬಿನಿಂದ ತೆಗೆದು ಇನ್ನೊಂದಕ್ಕೆ ಹಾಕಿದ್ದನ್ನು ಹೊಸ ಹಣವೆಂದು ತಮಟೆ ಹೊಡೆಯುವುದನ್ನು.

ಸಂಸತ್ತಿನ ಒಳಗೆ ಜಾಗ ಸಿಗದ ಜಗಳ ಹೊರಗೆ ಬಂತು. ಅಕ್ಟೋಬರ್ 23ರಂದು ಶಿಕ್ಷಕರು, ನರ್ಸುಗಳು, ವೈದ್ಯರು, ಆಸ್ಪತ್ರೆಯ ಇತರ ನೌಕರರು ಸೇರಿ ಒಂದು ಲಕ್ಷಕ್ಕೂ ಹೆಚ್ಚು ಜನ ಒಂದೇ ದಿನ ಮುಷ್ಕರ ಹೂಡಿದರು. ಅಮೆರಿಕದಲ್ಲಿ ಸರ್ಕಾರ ತಾನೇ ಬಾಗಿಲು ಹಾಕಿಕೊಂಡಿದ್ದ ಅದೇ ದಿನಗಳಲ್ಲಿ, ಬಾಗಿಲೇ ಹಾಕದ ಈ ದೇಶದಲ್ಲಿ ಶಾಲೆಗಳಿಗೆ ರಜೆ, ಮುಂದೂಡಿದ ಶಸ್ತ್ರಚಿಕಿತ್ಸೆಗಳು. ಅಂದು ಕ್ರೈಸ್ಟ್‌ಚರ್ಚ್ ಇರುವ ಕ್ಯಾಂಟರ್ಬರಿ ಪ್ರಾಂತ್ಯಕ್ಕೆ ಬಿರುಗಾಳಿಯ ಕೆಂಪು ಎಚ್ಚರಿಕೆಯೂ ಬಿದ್ದಿತ್ತು. ಬಯಲಲ್ಲಿ ಸಭೆ ನಡೆಸಲು ಗಾಳಿ ಬಿಡಲಿಲ್ಲ.

ಅತ್ತ ಕನ್ನಡ ನಾಡಿನ ಗಡಿಯಲ್ಲೂ ಅದೇ ಕಾಲಕ್ಕೆ ಒಂದು ನಿಜವಾದ ಹಗ್ಗಜಗ್ಗಾಟ ನಡೆದಿತ್ತು. ‘ಪಿಎಂ ಶ್ರೀ’ ಶಾಲಾ ಯೋಜನೆಗೆ ಸಹಿ ಹಾಕಿದರೆ ಮಾತ್ರ ಸಮಗ್ರ ಶಿಕ್ಷಾ ಅಭಿಯಾನದ ಹಣ ಎಂದು ಕೇಂದ್ರ ಪಟ್ಟು ಹಿಡಿಯಿತು. ತಮಿಳುನಾಡು ಸಹಿ ಹಾಕಲಿಲ್ಲ. ತನಗೆ ಬರಬೇಕಾದ 2,152 ಕೋಟಿ ರೂಪಾಯಿ ನಿಂತಿದೆ ಎಂದು ಅದು ನ್ಯಾಯಾಲಯದ ಮೆಟ್ಟಿಲೇರಿತು. ಕೇರಳವೂ ಬಹುಕಾಲ ಸಹಿ ಹಾಕದೆ, ಹಣ ಬಾರದೆ, 2025ರ ಅಕ್ಟೋಬರಿನಲ್ಲಿ ಸಹಿ ಹಾಕಿತು. ಮಿತ್ರಪಕ್ಷ ಸಿಪಿಐ ಮುನಿದ ಮೇಲೆ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಿತು. ಈ ಅಭಿಯಾನದ ಹಣದಲ್ಲಿ ನಡೆಯುವುದು ವಿಶೇಷ ಅಗತ್ಯದ ಮಕ್ಕಳ ಶಿಕ್ಷಕರ ವೇತನ, ಉಚಿತ ಪುಸ್ತಕ, ಸಮವಸ್ತ್ರದಂಥ ಬಾಬತ್ತುಗಳು. ಕೇರಳದ ಮಂಜೇಶ್ವರದ ಕನ್ನಡ ಮಾಧ್ಯಮದ ಮಗುವಿರಲಿ, ತಮಿಳುನಾಡಿನ ತಾಳವಾಡಿ ಹೊಸೂರುಗಳ ಮಗುವಿರಲಿ, ಶಿಕ್ಷಣದ ತತ್ವದ ಬಗ್ಗೆ ದೆಹಲಿಗೂ ರಾಜ್ಯದ ರಾಜಧಾನಿಗೂ ಇರುವ ಭಿನ್ನಾಭಿಪ್ರಾಯ ಅದನ್ನು ಮುಟ್ಟುವುದು ಈ ಬಾಬತ್ತುಗಳ ರೂಪದಲ್ಲೇ.

ಹಾರ್ನ್‌ಬಿಯ ಎಲ್ಲ ಸೇವೆಯೂ ವೆಲ್ಲಿಂಗ್ಟನ್ನಿನ ಗಂಟಿನಿಂದ ನಡೆಯುವುದಿಲ್ಲ ಎಂಬುದನ್ನೂ ಹೇಳಬೇಕು. 2024ರಲ್ಲಿ ಕೈಲ್ ಪಾರ್ಕಿನ ಬಳಿ ತೆರೆದ ‘ಮಾತಾಟಿಕಿ’ ಕೇಂದ್ರದಲ್ಲಿ ಈಜುಕೊಳ, ಗ್ರಂಥಾಲಯ, ನಗರಪಾಲಿಕೆಯ ಸೇವಾ ಕೌಂಟರು ಒಂದೇ ಸೂರಿನಡಿ ಇವೆ. ಅದು ಬಹುಮಟ್ಟಿಗೆ ನಡೆಯುವುದು ಮನೆ ಮಾಲೀಕರು ಪಾಲಿಕೆಗೆ ಕಟ್ಟುವ ತೆರಿಗೆಯಿಂದ. ಸಂಸತ್ತಿನಲ್ಲಿ ಏನೇ ಆದರೂ ಶನಿವಾರ ಮಕ್ಕಳು ಅಲ್ಲಿ ಈಜಬಹುದು. ಆದರೆ 2025ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಪಾಲಿಕೆಗಳ ತೆರಿಗೆ ಏರಿಕೆಗೆ ವರ್ಷಕ್ಕೆ ಶೇ. 2ರಿಂದ 4ರ ಮಿತಿ ಹಾಕುವ ಯೋಜನೆ ಪ್ರಕಟಿಸಿತು. ತೆರಿಗೆ ಕಟ್ಟುವವರಿಗೆ ಹಿತವಾದ ಮಾತು. ಕೊಳದ ನೀರು ಕಾಯಿಸುವ ಖರ್ಚು ಆ ಮಿತಿಯೊಳಗೇ ಏರುತ್ತದೆಯೇ ಎಂಬುದು ಬೇರೆ ಮಾತು. ಎರಡನೇ ಕಡೆ ಇಲ್ಲದ ದೇಶದಲ್ಲಿ ಎರಡನೇ ಕಡೆಯೊಂದು ಹುಟ್ಟುವುದಾದರೆ ಅದು ಪಾಲಿಕೆಗಳ ಅಂಗಳದಲ್ಲೇ ಇರಬಹುದು.

ಹೊಸದಾಗಿ ಬಂದ ಕನ್ನಡದ ಮನೆಗಳಿಗೆ ಉಪಯೋಗಕ್ಕೆ ಬರುವ ಎರಡು ವಿಷಯ. ನ್ಯೂಜಿಲೆಂಡಿನಲ್ಲಿ ಸಂಸತ್ ಚುನಾವಣೆಗೆ ಮತ ಹಾಕಲು ಪೌರತ್ವ ಬೇಕಿಲ್ಲ. ನಿವಾಸಿ ವೀಸಾ ಇದ್ದು, ದೇಶದಲ್ಲಿ ಒಂದು ವರ್ಷ ಇದ್ದರೆ ಹೆಸರು ನೋಂದಾಯಿಸಬಹುದು. ಶಾಲಾ ಆಡಳಿತ ಮಂಡಳಿಗೆ ಮೂರು ವರ್ಷಕ್ಕೊಮ್ಮೆ ಚುನಾವಣೆ. ಕಳೆದದ್ದು 2025ರ ಸೆಪ್ಟೆಂಬರಿನಲ್ಲಿ, ಮುಂದಿನದು 2028ಕ್ಕೆ. ಮಗು ಆ ಶಾಲೆಯಲ್ಲಿ ಓದುತ್ತಿದ್ದರೆ ಪೋಷಕರಿಗೆ ಮತವುಂಟು. ಮಂಡಳಿಯ ಸಭೆಗಳಿಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಶಾಲೆಯ ಲೆಕ್ಕದ ವರ್ಷ ಜನವರಿಯಿಂದ ಡಿಸೆಂಬರಿನದು. ಹಾಗಾಗಿ ಮುಂದಿನ ವರ್ಷ ಟೀಚರ್ ಏಡ್‌ಗಳಿಗೆ ಎಷ್ಟು ಗಂಟೆ ಎಂಬ ಮಾತು ಬರುವುದು ಸಾಮಾನ್ಯವಾಗಿ ವರ್ಷದ ಕೊನೆಯ ತಿಂಗಳುಗಳ ಸಭೆಗಳಲ್ಲಿ.